ಹೊಳೆ ಏರೋಕ್ ಮುಂಚೆ ಮನೇಲಿ ಏನೇನಾಗಿರ್ಬೇಕು? ಓದುಗರ ಪ್ರಶ್ನೆಗೆ ಉತ್ತರ

ಮಳೆಗಾಲ ಶುರುವಾಗೋಕ್ ಮುಂಚೆ ನೆರೆ ಬಗ್ಗೆ ಏನಾದ್ರೂ ಕೇಳೋದಿದ್ರೆ ಬರೀರಿ ಅಂತ ಹೋದ ಸಂಚಿಕೇಲಿ ಹಾಕಿದ್ವಿ. ಪತ್ರ, ವಾಟ್ಸಾಪ್, ವಾಯ್ಸ್ ಮೆಸೇಜ್ ಎಲ್ಲಾ ಸೇರಿ ರಾಶಿ ಬಂದಿವೆ. ಒಂದೇ ಥರದ್ದನ್ನ ಒಟ್ಟಿಗೆ ಸೇರಿಸಿ ಆರು ಪ್ರಶ್ನೆ ತಗೊಂಡಿದೀನಿ. ಹೆಸರು ಯಾರದ್ದೂ ಹಾಕಿಲ್ಲ, ಊರು ಮಾತ್ರ.

ಪ್ರಶ್ನೆ (ಚಿಕ್ಕೋಡಿ ತಾಲೂಕು, ಕೃಷ್ಣಾ ದಂಡೆ): ನಮ್ಮ ತ್ವಾಟದ ಮನಿ ಹೊಳಿಗೆ ಭಾಳ ದೂರ ಇಲ್ರಿ. ನಮ್ಮ ಕಡೆ ಮಳಿ ಅಷ್ಟ ಜೋರ ಇರೂದಿಲ್ಲ, ಆದ್ರೂ ಹೊಳಿ ಏರಿ ಬರ್ತೈತಿ. 2019ರಾಗ ಮನಿ ಬಿಡಾಕ ತಡಾ ಮಾಡಿ ಭಾಳ ತ್ರಾಸ ಆತು. ನಮ್ಮ ಮಾವಾರು "ನೀರು ಇಲ್ಲಿಗಂಟ ಬರೂದಿಲ್ಲ ತಗೋ" ಅಂತ ಕುಂತ ಬಿಡ್ತಾರ. ಯಾವಾಗ ಮನಿ ಬಿಡ್ಬೇಕು ಅನ್ನೂದು ಹೆಂಗ ಗೊತ್ತಾಗ್ಬೇಕ್ರಿ?

ಉತ್ತರ: ಅಕ್ಕಾ, ಬಂದಿರೋ ಎಲ್ಲಾ ಪ್ರಶ್ನೆಗಳಲ್ಲಿ ನಿಮ್ದೇ ಮುಖ್ಯವಾದದ್ದು, ಅದಕ್ಕೆ ಮೊದ್ಲು ಇಟ್ಟೆ. ನಿಮ್ಮೂರಲ್ಲಿ ಬಿಸಿಲು ಹೊಡೀತಾ ಇರುತ್ತೆ, ಆಕಾಶ ನೋಡಿದ್ರೆ ಏನೂ ಗೊತ್ತಾಗಲ್ಲ, ಯಾಕಂದ್ರೆ ನಿಮ್ಮ ಹೊಳೆಗೆ ನೀರು ಬರೋದು ಮಹಾಬಳೇಶ್ವರ, ಕೊಯ್ನಾ, ವಾರಣಾ ಕಡೆ ಘಟ್ಟದಿಂದ, ಜೊತೆಗೆ ಕೊಲ್ಹಾಪುರದ ಪಂಚಗಂಗಾ, ನಿಮ್ಮದೇ ದೂಧಗಂಗಾ, ವೇದಗಂಗಾ. ಹಂಗಾಗಿ ಮನೆ ಮುಂದಿನ ಮಳೆ ನೋಡ್ಬೇಡಿ, ಮೇಲಿನ ಸುದ್ದಿ ನೋಡಿ. ಕೊಯ್ನಾ ಗೇಟ್ ಎಷ್ಟು ಅಡಿ ಎತ್ತಿದ್ರು, ರಾಜಾಪುರ ಬ್ಯಾರೇಜಿಂದ ಎಷ್ಟು ಕ್ಯೂಸೆಕ್ ಬರ್ತಿದೆ, ನರಸೋಬವಾಡಿ ದತ್ತನ ಗುಡಿಗೆ ನೀರು ಹೊಕ್ತಾ, ಇಷ್ಟು ಗೊತ್ತಾದ್ರೆ ನಿಮಗೆ ಒಂದಷ್ಟು ಟೈಮ್ ಕೈಗೆ ಸಿಗುತ್ತೆ. ಟಿವೀಲಿ ಕ್ಯೂಸೆಕ್ ಕ್ಯೂಸೆಕ್ ಅಂತಾರಲ್ಲ, ಹಂಗಂದ್ರೆ ಸೆಕೆಂಡಿಗೆ ಒಂದು ಘನ ಅಡಿ ನೀರು, ಒಂದು ಟಿಎಂಸಿ ಅಂದ್ರೆ ನೂರು ಕೋಟಿ ಘನ ಅಡಿ. ಒಂದು ಲೆಕ್ಕ ತಲೇಲಿ ಇಟ್ಕೊಳ್ಳಿ, ಒಂದು ಲಕ್ಷ ಕ್ಯೂಸೆಕ್ ಒಂದು ಇಡೀ ದಿನ ಹರಿದ್ರೆ ಸುಮಾರು 8.6 ಟಿಎಂಸಿ ಆಗುತ್ತೆ, ಅದೇ ಎರಡು ಲಕ್ಷ ಮೂರು ಲಕ್ಷ ಆದ್ರೆ ಹೊಳೆ ತನ್ನ ಪಾತ್ರದಲ್ಲಿ ನಿಲ್ಲೋ ಮಾತೇ ಇಲ್ಲ. ಕೇಂದ್ರ ಜಲ ಆಯೋಗದ ಫ್ಲಡ್‌ವಾಚ್ ಇಂಡಿಯಾ ಅನ್ನೋ ಆ್ಯಪ್ ಇದೆ, 2023ರಲ್ಲಿ ಬಂದಿದ್ದು, ಅದ್ರಲ್ಲಿ ಹೊಳೆ ಮಟ್ಟ ಏರ್ತಿದ್ಯಾ ಇಳೀತಿದ್ಯಾ ಅಂತ ತೋರಿಸುತ್ತೆ, ಮಕ್ಕಳ ಕೈಲಿ ಹಾಕಿಸ್ಕೊಳ್ಳಿ.

ಈಗ ಮಾವನ ವಿಷಯ. ನೀರು ಬಂದಾಗ ವಾದ ಮಾಡಿದ್ರೆ ಯಾರೂ ಕೇಳಲ್ಲ, ಹಿರಿಯರಂತೂ ಕೇಳೋದೇ ಇಲ್ಲ, ಅವ್ರು ಕಟ್ಟಿದ ಮನೆ ಅದು, ಬಿಟ್ಟು ಬಾ ಅಂದ್ರೆ ಸಂಕಟ ಆಗೋದು ಸಹಜ. ಅದಕ್ಕೆ ಈಗ್ಲೇ, ಬಿಸಿಲಿರೋವಾಗ, ಕೈಗೆ ಒಂದು ಬಣ್ಣದ ಡಬ್ಬಿ ಕೊಟ್ಟು ಕೇಳಿ, "ಮಾವಾರ, 2005ರಾಗ ನೀರು ಎಲ್ಲಿಗಂಟ ಬಂದಿತ್ತು, 2019ರಾಗ ಎಲ್ಲಿಗಂಟ, 2021ರಾಗ ಎಲ್ಲಿಗಂಟ, ನೀವ ಗುರುತ ಹಾಕ್ರಿ" ಅಂತ. ಗೋಡೆಗೋ ದಾರೀಲಿರೋ ಲೈಟ್ ಕಂಬಕ್ಕೋ ಅವ್ರ ಕೈಲೇ ಗೆರೆ ಹಾಕ್ಸಿ. ಆಮೇಲೆ ಮನೆಯವ್ರೆಲ್ಲ ಕೂತು ಎರಡು ತೀರ್ಮಾನ ಮಾಡಿ. ಊರ ಹತ್ರದ ಬಾಂದಾರ (ಹೊಳೆಗೆ ಅಡ್ಡ ಕಟ್ಟಿರೋ ಸಣ್ಣ ಅಣೆ) ಮುಳುಗಿದ್ರೆ ದನ, ಕಾಳು, ಕಾಗದ ಪತ್ರ, ಹಾಸಿಗೆ ಹಿಡಿದವ್ರು, ಬಸುರಿ ಬಾಣಂತಿ, ಇವಿಷ್ಟು ಅವತ್ತೇ ಊರೊಳಗೆ ಅಥವಾ ಬೀಗರ ಮನೆಗೆ ಹೋಗ್ಬೇಕು. ನೀರು ನೀವು ಗುರುತು ಮಾಡಿದ ಹೊಲದ ಬದುವಿಗೆ ಬಂದ್ರೆ ಉಳಿದವ್ರೂ ಹೊರಡ್ಬೇಕು, ಯಾರೂ ಯಾರನ್ನೂ ಕೇಳೋ ಹಂಗಿಲ್ಲ. ಗುರುತನ್ನ ಅವ್ರೇ ಹಾಕಿರೋದ್ರಿಂದ ಅವತ್ತು ಸೊಸೆ ಮಾತು ಕೇಳ್ದೆ ಅಂತ ಅನ್ಸಲ್ಲ, ತಾನು ಹೇಳಿದ್ದೇ ನಡೀತು ಅಂತ ಇರುತ್ತೆ.

ಇನ್ನೊಂದು. ಹೊರಡೋದು ಹಗಲಲ್ಲಿ. ಸಂಜೆ ಐದಕ್ಕೆ ನೀರು ಬದುವಿನ ಹತ್ರ ಇದೆ ಅಂದ್ರೆ "ಮುಂಜಾನೆ ನೋಡೋಣ" ಅನ್ಬೇಡಿ. ತೋಟದ ಮನೆಗಳಿಗೆ ಸಾಮಾನ್ಯವಾಗಿ ಒಂದೇ ದಾರಿ, ಆ ದಾರಿ ಹಳ್ಳ ದಾಟೋ ಕಡೆ ತಗ್ಗಾಗಿರುತ್ತೆ, ಮನೆಗೆ ನೀರು ಬರೋಕ್ ಮುಂಚೆ ದಾರಿ ಮುಳುಗಿ ಮನೆ ನಡುಗಡ್ಡೆ ಆಗೋಗುತ್ತೆ. ಬೋಟ್ ಬಂದು ಕರ್ಕೊಂಡು ಹೋಗೋ ಪರಿಸ್ಥಿತಿ ಬರೋದು ಬಹಳ ಸಲ ಹಿಂಗೇನೇ. ಮನೆ ಎಷ್ಟು ಎತ್ತರದಲ್ಲಿದೆ ಅಂತ ಎಲ್ರೂ ನೋಡ್ತಾರೆ, ದಾರಿ ಎಷ್ಟು ತಗ್ಗಲ್ಲಿದೆ ಅಂತ ನೋಡೋದು ಮರೀತಾರೆ, ದಯವಿಟ್ಟು ಅದನ್ನ ಒಂದ್ಸಲ ನಡೆದು ನೋಡಿ.

ಪ್ರಶ್ನೆ (ಮುಧೋಳ ತಾಲೂಕು, ಘಟಪ್ರಭಾ ದಂಡೆ): ನಾವು ನಾಲ್ಕು ಎಮ್ಮಿ, ಎರಡು ಎತ್ತು, ಒಂದಿಷ್ಟು ಆಡು ಇಟ್ಕೊಂಡೀವಿ. ಮಂದಿಗೆ ಕಾಳಜಿ ಕೇಂದ್ರ ಅದಾವು, ದನಕ್ಕ ಏನ ಮಾಡ್ಬೇಕ್ರಿ? ದನಾ ಬಿಟ್ಟು ಹೋಗಾಕ ಮನಸ ಒಪ್ಪೂದಿಲ್ಲ.

ಉತ್ತರ: ಒಪ್ಪಲ್ಲ ಅಣ್ಣಾ, ಒಪ್ಪೋ ಹಂಗೂ ಇಲ್ಲ. ದನ ಬಿಟ್ಟು ಬರೋಕಾಗ್ದೆ ಮನೇಲೇ ಉಳಿದು ಸಿಕ್ಕಾಕ್ಕೊಂಡವ್ರು ಪ್ರತಿ ನೆರೇಲೂ ಇದ್ದಾರೆ. ಅದಕ್ಕೇ ನಾನು ಹೇಳೋದು, ಮನೆಯಿಂದ ಮೊದ್ಲು ಹೊರಡ್ಬೇಕಾದ್ದು ದನ, ಆಮೇಲೆ ಜನ. ದನ ಸುರಕ್ಷಿತವಾಗಿದ್ರೆ ರೈತ ತಾನಾಗೇ ಹಿಂದೆ ಬರ್ತಾನೆ.

ನಿಮ್ಮ ಹೊಳೆಗೆ ಹಿಡಕಲ್ ಡ್ಯಾಮಿನ ಹೊರಹರಿವು ಒಂದೇ ಅಲ್ಲ, ಹಿರಣ್ಯಕೇಶಿ, ಮಾರ್ಕಂಡೇಯ ನೀರೂ ಸೇರುತ್ತೆ. ಗೋಕಾಕ ಹತ್ರ ಲೋಳಸೂರ ಸೇತುವೆ ಮುಳುಗ್ತು ಅಂತ ಸುದ್ದಿ ಬಂದ್ರೆ ಕೆಳಗಿರೋ ನೀವು ದನ ಹೊಡ್ಕೊಂಡು ಹೊರಡೋ ಹೊತ್ತಾಯ್ತು ಅಂತಾನೇ ಅರ್ಥ. ಎಲ್ಲಿಗೆ ಹೊಡ್ಕೊಂಡು ಹೋಗೋದು ಅನ್ನೋದನ್ನ ಮೇ ತಿಂಗಳಲ್ಲೇ ಮಾತಾಡಿ ಇಟ್ಕೊಳ್ಳಿ, ಎತ್ತರದಲ್ಲಿ ಹೊಲ ಇರೋ ನೆಂಟರು, ಗುಡಿ ಬಯಲು, ಸಾಲಿ ಮೈದಾನ ಯಾವುದಾದ್ರೂ ಸರಿ, ಅಲ್ಲಿ ನೆರಳು ಮತ್ತೆ ನೀರು ಇದ್ಯಾ ನೋಡಿ, ಒಂದು ವಾರಕ್ಕಾಗೋಷ್ಟು ಕಣಕಿ ಮೊದ್ಲೇ ಅಲ್ಲಿ ಒಟ್ಟಿ ಮೇಲೆ ತಾಡಪತ್ರಿ ಹೊದಿಸಿಡಿ. ನೆರೆ ಟೈಮಲ್ಲಿ ಸರ್ಕಾರ ಮೇವು ಕೊಡುತ್ತೆ, ಆದ್ರೆ ಅದು ಬಂದು ಮುಟ್ಟೋವರೆಗೆ ದನದ ಹೊಟ್ಟೆ ಕಾಯಲ್ಲ. ನೆಂದು ಬೂಸಲು ಹಿಡಿದ ಮೇವು ಮಾತ್ರ ಹಾಕ್ಬೇಡಿ, ಹೊಟ್ಟೆ ಉಬ್ಬಿ ಸಾಯ್ಲೂಬಹುದು.

ಮಳೆಗಾಲಕ್ಕೆ ಮುಂಚೆ ಗಳಲೆ ಮತ್ತೆ ಚಪ್ಪೆ ಬೇನೆ ಲಸಿಕೆ ಹಾಕ್ಸಿ, ಪಶು ಆಸ್ಪತ್ರೇಲಿ ಕೇಳಿ. ನೀರು ನಿಂತ ಕಡೆ ಈ ಎರಡೂ ಕಾಯಿಲೆ ಬೇಗ ಹರಡುತ್ತೆ. ಕಿವಿ ಓಲೆ ಇದ್ಯಲ್ಲ, ಹನ್ನೆರಡು ಅಂಕಿ ನಂಬರಿಂದು, ಅದು ಕಾಣೋ ಹಂಗೆ ಒಂದೊಂದು ದನದ ಫೋಟೋ ತೆಗೆದು ಫೋನಲ್ಲಿಡಿ. 2022ರಲ್ಲಿ ಪರಿಷ್ಕರಿಸಿದ ವಿಪತ್ತು ಪರಿಹಾರ ನಿಯಮದ ಪ್ರಕಾರ ಹಾಲು ಕೊಡೋ ಎಮ್ಮೆ, ಹಸು ಸತ್ರೆ 37,500, ಎತ್ತಿಗೆ 32,000, ಆಡು-ಕುರಿಗೆ 4,000 ರೂಪಾಯಿ, ಆದ್ರೆ ಪಶು ವೈದ್ಯರ ಸರ್ಟಿಫಿಕೇಟ್ ಮತ್ತೆ ಪಂಚನಾಮೆ ಬೇಕು, ಹೊಳೇಲಿ ತೇಲಿ ಹೋದ ದನಕ್ಕೆ ಸಾಕ್ಷಿ ಎಲ್ಲಿಂದ ತರೋದು? ಆಗ ಕೈಹಿಡಿಯೋದು ಆ ಫೋಟೋ.

ಯಾವ ಕಾರಣಕ್ಕೂ ದನ ಹೊಡ್ಕೊಂಡು ಹೋಗೋಕೆ ಆಗ್ಲೇ ಇಲ್ಲ ಅಂದ್ರೆ, ಹಗ್ಗ ಬಿಚ್ಚಿ ಬನ್ನಿ. ಕೊಟ್ಟಿಗೆ ಬಾಗಿಲೂ ತೆಗೆದಿಡಿ. ಎಮ್ಮೆಗಳು ಚೆನ್ನಾಗಿ ಈಜ್ತವೆ, ಬಿಚ್ಚಿಬಿಟ್ರೆ ಎಲ್ಲೋ ಎತ್ತರದ ಜಾಗ ಹುಡ್ಕೊಳ್ತವೆ. ದಾವಣೀಲಿ ಕಟ್ಟಿದ್ದವಕ್ಕೆ ಆ ದಾರಿಯೂ ಇಲ್ಲ.

ಪ್ರಶ್ನೆ (ಬೆಂಗಳೂರು, ಹೊರಮಾವು ಕಡೆ): ಗ್ರೌಂಡ್ ಫ್ಲೋರ್ ಬಾಡಿಗೆ ಮನೆ. ಜೋರು ಮಳೆ ಬಂದ್ರೆ ರೋಡಿಂದ ನೀರು ಒಳಗೆ ಬರುತ್ತೆ, ಅದಕ್ಕಿಂತ ಮೊದ್ಲು ಬಾತ್‌ರೂಮ್ ಜಾಲರಿಯಿಂದ ಗಲೀಜು ನೀರು ಮೇಲೆ ಬರುತ್ತೆ. ಏನ್ ಮಾಡೋದು?

ಉತ್ತರ: ಬೆಂಗಳೂರಿಗೆ ಹೊಳೆ ಇಲ್ಲ, ಆದ್ರೆ ರಾಜಕಾಲುವೆ ಇದೆ, ಕೆರೆ ಅಂಗಳದಲ್ಲಿ ಎದ್ದ ಲೇಔಟ್‌ಗಳಿವೆ. 2022ರ ಸೆಪ್ಟೆಂಬರಲ್ಲಿ ಸರ್ಜಾಪುರ ರೋಡ್, ಯಮಲೂರು ಕಡೆ ಕೋಟಿ ಬೆಲೆ ಮನೆಗಳಿಂದ ಜನ ಟ್ರ್ಯಾಕ್ಟರಲ್ಲಿ ಹೊರಗೆ ಬಂದ್ರು, 2024ರ ಅಕ್ಟೋಬರಲ್ಲಿ ಯಲಹಂಕದ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟಿಗೆ ಬೋಟ್ ಇಳಿಸ್ಬೇಕಾಯ್ತು.

ಗಲೀಜು ನೀರಿಗೆ ಮೊದ್ಲು. ಚೇಂಬರಲ್ಲಿ ಮಳೆ ನೀರು ತುಂಬಿ ಒತ್ತಡ ಹೆಚ್ಚಾದಾಗ ಅದು ನಿಮ್ಮ ಪೈಪಲ್ಲಿ ಹಿಂದಕ್ಕೆ ಬರುತ್ತೆ. ಓನರ್ ಹತ್ರ ಮಾತಾಡಿ ಹೊರಗಿನ ಚೇಂಬರ್ ಲೈನಿಗೆ ನಾನ್ ರಿಟರ್ನ್ ವಾಲ್ವ್ (ನೀರು ಹೊರಗೆ ಮಾತ್ರ ಬಿಟ್ಟು ವಾಪಸ್ ಬರದ ಹಂಗೆ ತಡೆಯೋದು) ಹಾಕ್ಸಿ, ಪ್ಲಂಬರಿಗೆ ಹೇಳಿದ್ರೆ ಅರ್ಥ ಆಗುತ್ತೆ. ಅಲ್ಲೀವರೆಗೆ ಗಟ್ಟಿ ಪ್ಲಾಸ್ಟಿಕ್ ಕವರಲ್ಲಿ ಮರಳು ತುಂಬಿ ಎರಡು ಮೂರು ಚೀಲ ಮಾಡಿಡಿ. ಜಾಲರಿ ಮೇಲೆ ಹಳೆ ಬಟ್ಟೆ ಒತ್ತಿ ಅದ್ರ ಮೇಲೆ ಚೀಲ ಇಡಿ, ಕಮೋಡಿನ ಒಳಗೂ ಒಂದು ಇಡಿ. ಪೂರ್ತಿ ನಿಲ್ಲಲ್ಲ, ಆದ್ರೆ ಉಕ್ಕಿ ಬರೋದು ತಡೀಬಹುದು. ಬಾಗಿಲಿಗೆ ಇಡೋ ಚೀಲ ಕಂಠಪೂರ್ತಿ ತುಂಬ್ಬೇಡಿ, ಮುಕ್ಕಾಲಿಗಿಂತ ಸ್ವಲ್ಪ ಕಮ್ಮಿ ತುಂಬಿದ್ರೆ ಅದು ಬಗ್ಗಿ ನೆಲಕ್ಕೆ ಅಂಟಿ ಕೂರುತ್ತೆ, ಹಿಂದೆ ಒಂದು ದಪ್ಪ ಪ್ಲಾಸ್ಟಿಕ್ ಶೀಟ್ ಕೊಟ್ಟು ಇಟ್ಟಿಗೆ ಕಟ್ಟೋ ಥರ ಕೆಳಗಿನ ಎರಡು ಚೀಲದ ಸಂದಿ ಮೇಲೆ ಮೇಲಿನ ಚೀಲ ಬರೋ ಹಂಗೆ ಜೋಡಿಸಿ.

ಕರೆಂಟ್ ಬಗ್ಗೆ ಕೈಮುಗಿದು ಹೇಳ್ತೀನಿ. ನೀರು ಹೊಸ್ತಿಲು ದಾಟೋಕ್ ಮುಂಚೆ ಮೇನ್ ಆಫ್ ಮಾಡಿ, ಮತ್ತೆ ಇನ್ವರ್ಟರನ್ನ ಬೇರೆಯಾಗಿ ಆಫ್ ಮಾಡಿ. ಇದನ್ನ ಬಹಳ ಜನ ಮರೀತಾರೆ, ಮೇನ್ ಆಫ್ ಮಾಡಿದೀವಲ್ಲ ಅಂತ ನೀರಿಗೆ ಕಾಲಿಡ್ತಾರೆ, ಆದ್ರೆ ಇನ್ವರ್ಟರ್ ಬ್ಯಾಟರಿಯಿಂದ ಕೆಳಗಿನ ಪ್ಲಗ್ಗಿಗೆ ಕರೆಂಟ್ ಹರೀತಾನೇ ಇರುತ್ತೆ. ನೀರು ಒಳಗೆ ಬಂದು ಸ್ವಿಚ್ ಬೋರ್ಡ್ ಮುಳುಗಿದ್ರೆ ನೀವು ಹೋಗಿ ಮೇನ್ ಮುಟ್ಬೇಡಿ, 1912ಕ್ಕೆ ಫೋನ್ ಮಾಡಿ ಲೈನ್ ಕಟ್ ಮಾಡ್ಸಿ. 2025ರ ಮೇ ತಿಂಗಳಲ್ಲಿ ಬಿಟಿಎಂ ಲೇಔಟಲ್ಲಿ ಅಪಾರ್ಟ್‌ಮೆಂಟಿನ ಕೆಳಗೆ ತುಂಬಿದ ನೀರನ್ನ ಮೋಟರ್ ಇಟ್ಟು ಹೊರಗೆ ಹಾಕೋಕೆ ಹೋದಾಗ ಶಾಕ್ ಹೊಡೆದು ಇಬ್ರು ತೀರ್ಕೊಂಡ್ರು, ಅದ್ರಲ್ಲಿ ಒಬ್ಬ ಹನ್ನೆರಡು ವರ್ಷದ ಹುಡುಗ. ಮನೆಗೆ ನುಗ್ಗಿದ ನೀರು ಅಷ್ಟೊಂದು ಆಳ ಇಲ್ಲ ಅನ್ನೋ ಧೈರ್ಯ ಯಾರಿಗೂ ಬೇಡ.

ಸಂಪಿನ ಮುಚ್ಚಳ ಬಿಗಿಯಾಗಿರ್ಲಿ, ಬಾಯಿ ರೋಡ್ ಮಟ್ಟದಲ್ಲಿದ್ರೆ ಸುತ್ತ ಎರಡು ವರಸೆ ಇಟ್ಟಿಗೆ ಕಟ್ಟಿಸಿ. ಕುಡಿಯೋ ನೀರು ಒಂದು ಮೂರು ದಿನಕ್ಕಾಗೋಷ್ಟು ಕ್ಯಾನಲ್ಲಿ ಮೇಲಿಡಿ. ಮಳೆ ಅಂದ್ಮೇಲೆ ನೀರಿಗೇನು ಬರ ಅನ್ಬೇಡಿ, 2022ರಲ್ಲಿ ಕಾವೇರಿ ನೀರು ಕಳಿಸೋ ಟಿ.ಕೆ. ಹಳ್ಳಿ ಪಂಪ್‌ಹೌಸಿಗೇ ನೀರು ನುಗ್ಗಿ ಬೆಂಗಳೂರಿನ ಎಷ್ಟೋ ಏರಿಯಾಕ್ಕೆ ಕಾವೇರಿ ಬಂದಿರ್ಲಿಲ್ಲ. ಗಾಡಿ ನೀರಲ್ಲಿ ಮುಳುಗಿದ್ರೆ ಸ್ಟಾರ್ಟ್ ಮಾಡ್ಲೇಬೇಡಿ, ಎಂಜಿನ್ ಒಳಗೆ ನೀರು ಸೇರಿ ಕೆಟ್ಟು ಹೋಗುತ್ತೆ, ಎಂಜಿನ್ ಪ್ರೊಟೆಕ್ಟ್ ಅಂತ ಬೇರೆ ಕವರ್ ತಗೊಂಡಿರ್ದಿದ್ರೆ ಆ ಖರ್ಚು ಇನ್ಶೂರೆನ್ಸಲ್ಲಿ ಸಿಗೋದು ಕಷ್ಟ. ಅಂಡರ್‌ಪಾಸಲ್ಲಿ ನೀರು ಕಂಡ್ರೆ ವಾಪಸ್ ತಿರುಗಿ. 2023ರ ಮೇನಲ್ಲಿ ಕೆ.ಆರ್. ಸರ್ಕಲ್ ಅಂಡರ್‌ಪಾಸಲ್ಲಿ ಕಾರು ಮುಳುಗಿ ಒಬ್ಬ ಹುಡುಗಿ ಪ್ರಾಣ ಹೋಯ್ತು, ಹಾಡುಹಗಲಲ್ಲಿ, ವಿಧಾನಸೌಧದ ಪಕ್ಕದಲ್ಲೇ.

ಪ್ರಶ್ನೆ (ದುಬೈ): ಅಪ್ಪ ಅಮ್ಮ ಇಬ್ಬರೇ ಅಂಕೋಲಾ ತಾಲೂಕಲ್ಲಿ ಗಂಗಾವಳಿ ನದಿ ಹತ್ತಿರ ಇದ್ದಾರೆ. ಅಮ್ಮನಿಗೆ ಶುಗರ್, ಇನ್ಸುಲಿನ್ ತಗೋತಾರೆ. ಇಲ್ಲಿಂದ ನಾನು ಏನು ಮಾಡಬಹುದು?

ಉತ್ತರ: ಮೊದಲ್ನೇದು, ಅಕ್ಕಪಕ್ಕದ ಇಬ್ರ ನಂಬರ್ ನಿಮ್ಮ ಹತ್ರ ಇರ್ಲಿ, ಒಬ್ರು ಗಟ್ಟಿಮುಟ್ಟಾದವ್ರು, ಗಾಡಿ ಇರೋರು. ರಜಕ್ಕೆ ಬಂದಾಗ ಅವ್ರ ಮನೆಗೆ ಹೋಗಿ ಬಾಯ್ಬಿಟ್ಟು ಹೇಳಿ ಬನ್ನಿ, "ನೀರೇರಿದ್ರೆ ನಮ್ಮ ಅಪ್ಪ ಅಮ್ಮನ್ನ ನೀವೇ ಕರ್ಕೊಂಡು ಹೋಗ್ಬೇಕು" ಅಂತ. ಸಂಕೋಚ ಪಡ್ಬೇಡಿ, ಊರಲ್ಲಿ ಯಾರೂ ಇಲ್ಲ ಅನ್ನಲ್ಲ, ಆದ್ರೆ ಹೇಳದೆ ಇದ್ರೆ ಅವ್ರ ಮಗ ಯಾರಿಗೋ ಹೇಳಿರ್ತಾನೆ ಅಂತ ಎಲ್ರೂ ಅಂದ್ಕೊಂಡಿರ್ತಾರೆ. ಜಿಲ್ಲಾ ಕಂಟ್ರೋಲ್ ರೂಮ್ 1077, ಆದ್ರೆ ಅದು ಊರಲ್ಲಿರೋರು ಮಾಡೋ ನಂಬರ್, ನೀವು ವಿದೇಶದಿಂದ ಮಾಡೋಕೆ ಕಾರವಾರದ ಡಿಸಿ ಆಫೀಸಿನ ಎಸ್‌ಟಿಡಿ ಕೋಡ್ ಇರೋ ಲ್ಯಾಂಡ್‌ಲೈನ್ ನಂಬರ್ ಈಗ್ಲೇ ಬರ್ಕೊಳ್ಳಿ.

ಇನ್ಸುಲಿನ್ ಬಗ್ಗೆ ಅಮ್ಮನಿಗೆ ಸಮಾಧಾನ ಹೇಳಿ, ಕರೆಂಟ್ ಹೋದ ತಕ್ಷಣ ಅದು ಹಾಳಾಗಲ್ಲ. ಬಳಸ್ತಾ ಇರೋ ಬಾಟ್ಲಿ ಅಥವಾ ಪೆನ್ ಬಿಸಿಲು ತಾಗದ ತಂಪು ಜಾಗದಲ್ಲಿ ಸಾಮಾನ್ಯವಾಗಿ ನಾಲ್ಕು ವಾರ ಇರುತ್ತೆ, ನಿಮ್ಮ ಕಂಪನಿದು ಎಷ್ಟು ದಿನ ಅಂತ ಡಬ್ಬಿ ಮೇಲೆ ಬರೆದಿರುತ್ತೆ. ಸಣ್ಣ ಮಣ್ಣಿನ ಕುಡಿಕೆ ಒಳಗೆ ಬಾಟ್ಲಿ ಇಟ್ಟು, ಆ ಕುಡಿಕೇನ ಒದ್ದೆ ಮರಳು ತುಂಬಿದ ದೊಡ್ಡ ಮಡಿಕೇಲಿ ಇಟ್ರೆ ಇನ್ನೂ ಒಳ್ಳೇದು. ಐಸ್ ಮೇಲೆ ನೇರ ಇಡೋದು ಬೇಡ, ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸ ಮಾಡಲ್ಲ. ಒಂದು ಚೀಲ ಸದಾ ರೆಡಿ ಇರ್ಲಿ, ಎರಡು ವಾರದ ಮಾತ್ರೆ, ಸೂಜಿ, ಗ್ಲೂಕೋಸ್ ಬಿಸ್ಕೆಟ್, ಸಕ್ಕರೆ, ಡಾಕ್ಟರ್ ಚೀಟಿಯ ಜೆರಾಕ್ಸ್, ಕನ್ನಡಕ, ಹಲ್ಲಿನ ಸೆಟ್, ಟಾರ್ಚ್, ಸ್ವಲ್ಪ ನಗದು ಯಾಕಂದ್ರೆ ಕರೆಂಟ್ ನೆಟ್ವರ್ಕ್ ಎರಡೂ ಇಲ್ಲದಾಗ ಫೋನ್‌ಪೇ ನಡಿಯಲ್ಲ. ಕಾಳಜಿ ಕೇಂದ್ರದಲ್ಲಿ ಊಟ ತಡ ಆಗ್ಬಹುದು, ಇನ್ಸುಲಿನ್ ಚುಚ್ಕೊಂಡು ಊಟಕ್ಕೆ ಕಾಯ್ತಾ ಕೂರೋದು ಅಪಾಯ, ಊಟ ಕಣ್ಮುಂದೆ ಬಂದ ಮೇಲೇ ಚುಚ್ಕೊಳ್ಳಿ ಅಂತ ಹೇಳಿ, ಡೋಸ್ ಹೆಂಗೆ ಹೊಂದಿಸ್ಬೇಕು ಅಂತ ಡಾಕ್ಟರನ್ನ ಮೊದ್ಲೇ ಕೇಳಿಡಿ.

ನಿಮ್ಮ ಊರಿನ ಕಡೇದು ಅಂತ ಇನ್ನೊಂದು ಮಾತು. 2024ರ ಜುಲೈ 16ಕ್ಕೆ ಶಿರೂರಲ್ಲಿ ಗುಡ್ಡ ಕುಸಿದು ಮಣ್ಣು ಹೆದ್ದಾರಿ ದಾಟಿ ಗಂಗಾವಳಿಗೆ ಬಿದ್ದಾಗ ನದಿ ನೀರು ಎದ್ದು ಆಚೆ ದಡದ ಉಳುವರೆ ಅನ್ನೋ ಊರಿಗೆ ಅಪ್ಪಳಿಸ್ತು. ಅಂದ್ರೆ ನದಿ ಆಚೆ ಗುಡ್ಡ ಇದ್ರೆ ಅದೂ ನಿಮ್ಮ ಲೆಕ್ಕದಲ್ಲಿರ್ಬೇಕು.

ಪ್ರಶ್ನೆ (ಮಡಿಕೇರಿ ತಾಲೂಕು): ನಮ್ಮ ಮನೆ ಇಳಿಜಾರಲ್ಲಿದೆ, ಹಿಂದೆ ಬರೆ (ಕಡಿದಾದ ಮಣ್ಣಿನ ದಿಬ್ಬ). ನಮಗೆ ನೀರಿನ ಭಯ ಕಮ್ಮಿ, ಮಣ್ಣಿನ ಭಯ ಜಾಸ್ತಿ. ಮುನ್ಸೂಚನೆ ಏನಾದ್ರೂ ಸಿಗುತ್ತಾ?

ಉತ್ತರ: ಕೆಲವು ಸಲ ಸಿಗುತ್ತೆ. ನೆಲದಲ್ಲಿ ಅಥವಾ ಅಂಗಳದಲ್ಲಿ ಹೊಸ ಬಿರುಕು, ನೆಟ್ಟಗಿದ್ದ ಮರ ಅಥವಾ ಕಂಬ ವಾಲೋದು, ಸಲೀಸಾಗಿ ಮುಚ್ತಿದ್ದ ಬಾಗಿಲು ಇದ್ದಕ್ಕಿದ್ದಂಗೆ ಬಿಗಿಯಾಗೋದು, ಬರೆಯಿಂದ ಹೊಸದಾಗಿ ಒಸರು ಬರೋದು, ತೋಡಿನ ನೀರು ಒಮ್ಮೆಲೇ ಕೆಂಪಾಗೋದು ಅಥವಾ ಮಳೆ ಸುರೀತಿದ್ರೂ ತೋಡು ಕಮ್ಮಿಯಾಗೋದು, ಅಂದ್ರೆ ಮೇಲೆಲ್ಲೋ ಮಣ್ಣು ಕಟ್ಕೊಂಡಿದೆ. ಇದ್ರಲ್ಲಿ ಒಂದು ಕಂಡ್ರೂ ಸಾಮಾನು ಕಟ್ಟೋಕೆ ನಿಲ್ಬೇಡಿ. ಆದ್ರೆ ಇವ್ಯಾವೂ ಕಾಣದೇನೂ ಗುಡ್ಡ ಬರಬಹುದು, ಹಂಗಾಗಿ ರೆಡ್ ಅಲರ್ಟ್ ಇರೋ ರಾತ್ರಿಗಳಲ್ಲಿ ಬೇರೆ ಕಡೆ ಮಲಗೋದೇ ಸರಿ. 2018ರ ಆಗಸ್ಟಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಏನಾಯ್ತು ಅಂತ ನಿಮಗೆ ನಾನು ಹೇಳ್ಬೇಕಿಲ್ಲ. ಬರೆ ಮೇಲೆ ಇಂಗುಗುಂಡಿ ಮಾತ್ರ ತೆಗೀಬೇಡಿ, ಅಲ್ಲಿ ನೀರು ಇಂಗಬಾರ್ದು, ಪಕ್ಕಕ್ಕೆ ಹರಿದು ಹೋಗೋ ಹಂಗೆ ಚರಂಡಿ ಮಾಡಿ.

ಪ್ರಶ್ನೆ (ನರಗುಂದ ತಾಲೂಕು, ಮಲಪ್ರಭಾ ದಂಡೆ): ನೀರು ಇಳದ ಮ್ಯಾಲೆ ಮನಿಗೆ ಹೋದಾಗ ಮೊದಲ ಏನ ಮಾಡ್ಬೇಕು? ನಮ್ದು ಮಣ್ಣಿನ ಗ್ವಾಡಿ, ಮಾಳಿಗಿ ಮನಿ. ಪರಿಹಾರಕ್ಕ ಏನೇನ ಬೇಕು?

ಉತ್ತರ: ಮಣ್ಣಿನ ಮನೆ ಬೀಳೋದು ನೀರಿದ್ದಾಗ ಮಾತ್ರ ಅಲ್ಲ, ಬಹಳ ಸಲ ನೀರು ಇಳಿದ ಮೇಲೆ. ನೀರು ನಿಂತಿರೋವರೆಗೆ ಗೋಡೆಗೆ ಎರಡೂ ಕಡೆ ಒತ್ತು ಇರುತ್ತೆ, ಇಳಿದ ಮೇಲೆ ಒಳಗೆ ನೆಂದ ಮಣ್ಣು ಮೇಲಿನ ಮಾಳಿಗೆ ಭಾರ ತಡೀಲಾರದೆ ಕುಸಿಯುತ್ತೆ. ಹಂಗಾಗಿ ನೀರು ಹೋಯ್ತು ಅಂತ ಅವತ್ತೇ ಹೋಗಿ ಒಳಗೆ ಮಲಗ್ಬೇಡಿ. ಹೊರಗಿಂದ ಸುತ್ತ ಬನ್ನಿ, ಗೋಡೆ ಬುಡ ಕರಗಿ ಒಳಗೆ ಹೋಗಿದ್ಯಾ, ಹೊಟ್ಟೆ ಬಿಟ್ಟಿದ್ಯಾ, ಜಂತಿ ಜಾರಿದ್ಯಾ ನೋಡಿ. ಒಂದು ಅನುಮಾನ ಇದ್ರೂ ಕಾಳಜಿ ಕೇಂದ್ರದಲ್ಲೇ ಇನ್ನೂ ನಾಲ್ಕು ದಿನ ಇರಿ. ಒಳಗೆ ಹೋಗೋವಾಗ ಕೈಲಿ ಕೋಲಿರ್ಲಿ, ಒಣಗಿದ ಎತ್ತರದ ಜಾಗ ಹುಡ್ಕೊಂಡು ಹಾವು ಚೇಳು ಅಟ್ಟಕ್ಕೆ, ಹಾಸಿಗೆ ಸುರುಳಿಗೆ, ಕಾಳಿನ ಚೀಲಕ್ಕೆ ಸೇರ್ಕೊಂಡಿರ್ತವೆ. ಕಚ್ಚಿದ್ರೆ ಕೊಯ್ಯೋದು ಬಿಗಿಯೋದು ಏನೂ ಬೇಡ, 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಹೋಗಿ. ಸಿಲಿಂಡರ್ ಬಿಟ್ಟು ಹೋಗಿದ್ರೆ ಮೊದ್ಲು ಅದನ್ನ ನೋಡಿ, ತುಂಬಿದ ಸಿಲಿಂಡರೂ ನೀರಲ್ಲಿ ತೇಲುತ್ತೆ, ಅದಕ್ಕೇ ಹೊರಡೋವಾಗ ರೆಗ್ಯುಲೇಟರ್ ಬಿಚ್ಚಿ, ಮುಚ್ಚಳ ಹಾಕಿ, ಕಂಬಕ್ಕೆ ಕಟ್ಟಿ ಹೋಗ್ಬೇಕು.

ಗುಡಿಸೋಕ್ ಮುಂಚೆ ಫೋಟೋ. ಗೋಡೆ ಮೇಲೆ ಕೆಸರಿನ ಗೆರೆ ಎಲ್ಲೀವರೆಗೆ ಇದೆ ಅನ್ನೋದು ಕಾಣ್ಬೇಕು, ಪಕ್ಕದಲ್ಲಿ ಮನೆಯವ್ರು ಒಬ್ರು ನಿಂತ್ಕೊಳ್ಳಿ, ಎತ್ತರ ಗೊತ್ತಾಗುತ್ತೆ. ನೆರೆಗೆ ಮುಂಚೆ ತೆಗೆದ ಮನೆ ಫೋಟೋ ಇದ್ರೆ ಇನ್ನೂ ಬಲ, ಅದಕ್ಕೆ ಈಗ್ಲೇ ನಾಲ್ಕೂ ದಿಕ್ಕಿಂದ ತೆಗೆದಿಡಿ. 2019ರಲ್ಲಿ ರಾಜ್ಯ ಸರ್ಕಾರ ತಕ್ಷಣಕ್ಕೆ 10,000, ಪೂರ್ತಿ ಬಿದ್ದ ಮನೆಗೆ 5 ಲಕ್ಷ ಅಂದಿತ್ತು, ಆದ್ರೆ ಮನೆಗಳನ್ನ ಎ, ಬಿ, ಸಿ ಅಂತ ಮೂರು ವರ್ಗ ಮಾಡಿದ್ರು, ಯಾವ ವರ್ಗಕ್ಕೆ ಸೇರ್ತು ಅನ್ನೋದ್ರ ಮೇಲೆ ದುಡ್ಡು ನಿಂತಿತ್ತು. ಪಂಚನಾಮೆಗೆ ಬಂದಾಗ ಮನೆಯವ್ರು ಅಲ್ಲೇ ಇರಿ, ಏನು ಬರ್ಕೊಂಡ್ರು ಅಂತ ಓದಿಸಿ ಕೇಳಿ, ಆಮೇಲೆ ಸಹಿ. ಮನೆ ಉತಾರ, ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್ಕು ಮೊದ್ಲೇ ಡಿಜಿಲಾಕರಲ್ಲೋ ಮಗಳ ಫೋನಲ್ಲೋ ಇರ್ಲಿ. ಬೆಳೆ ವಿಮೆ ಕಟ್ಟಿದ್ರೆ 72 ಗಂಟೆ ಒಳಗೆ ತಿಳಿಸ್ಬೇಕು, ಮನೆ ಗಲಾಟೇಲಿ ಎಷ್ಟೋ ಜನ ಇದನ್ನ ಮರೆತು ಕಳ್ಕೋತಾರೆ.

ಬಾವಿಗೆ ಹೊಳೆ ನೀರು ಹೊಕ್ಕಿದ್ರೆ ಮೊದ್ಲು ಮೋಟರ್ ಹಚ್ಚಿ ಆ ನೀರು ಹೊರಗೆ ಹಾಕಿ. ಹೊಸ ನೀರು ಬಂದ ಮೇಲೆ ಬ್ಲೀಚಿಂಗ್ ಪೌಡರ್. ಮಾಮೂಲಿ ಲೆಕ್ಕ ಸಾವಿರ ಲೀಟರಿಗೆ ಎರಡೂವರೆ ಗ್ರಾಂ, ನೆರೆ ಹೊಕ್ಕ ಬಾವಿಗೆ ಅದಕ್ಕಿಂತ ಜಾಸ್ತಿ ಬೇಕಾಗುತ್ತೆ, ಎಷ್ಟು ಅಂತ ಆಶಾ ಕಾರ್ಯಕರ್ತೆ ಅಥವಾ ಹೆಲ್ತ್ ಇನ್ಸ್‌ಪೆಕ್ಟರನ್ನ ಕರೆಸಿ ಕೇಳಿ. ಪುಡೀನ ಹಂಗೇ ಬಾವಿಗೆ ಎರಚಬಾರ್ದು. ಬಕೆಟಲ್ಲಿ ಸ್ವಲ್ಪ ನೀರಿಗೆ ಹಾಕಿ ಗಂಜಿ ಥರ ಕಲಸಿ, ಆಮೇಲೆ ಮುಕ್ಕಾಲು ಬಕೆಟ್ ನೀರು ಬೆರೆಸಿ ಹತ್ತು ನಿಮಿಷ ಬಿಡಿ, ಸುಣ್ಣ ಕೆಳಗೆ ಕೂರುತ್ತೆ, ಮೇಲಿನ ತಿಳಿನೀರನ್ನ ಇನ್ನೊಂದು ಬಕೆಟಿಗೆ ಬಗ್ಗಿಸ್ಕೊಂಡು ಅದನ್ನ ಹಗ್ಗದಲ್ಲಿ ಬಾವಿ ನೀರೊಳಗೆ ಇಳಿಸಿ ಮೇಲೆ ಕೆಳಗೆ ಆಡಿಸಿ. ರಾತ್ರಿ ಹಾಕಿದ್ರೆ ಬೆಳಿಗ್ಗೆ ಬಳಸ್ಬಹುದು, ಆದ್ರೂ ಕುಡಿಯೋದನ್ನ ಕುದಿಸೇ ಕುಡೀರಿ. ಕಾಲಲ್ಲಿ ಗಾಯ ಇಟ್ಕೊಂಡು ಕೆಸರು ತುಳಿದವ್ರು ಟಿಟಿ ಇಂಜೆಕ್ಷನ್ ಹಾಕಿಸ್ಕೊಳ್ಳಿ. ಒಂದೆರಡು ವಾರದಲ್ಲಿ ಜ್ವರ, ಮೀನಖಂಡ ನೋವು, ಕಣ್ಣು ಕೆಂಪು ಕಂಡ್ರೆ ಇಲಿ ಜ್ವರ ಇರ್ಬಹುದು, ನೆರೆ ನೀರಲ್ಲಿ ಓಡಾಡಿದ್ವಿ ಅಂತ ಡಾಕ್ಟರಿಗೆ ನೀವಾಗೇ ಹೇಳಿ.

ಉಳಿದ ಪ್ರಶ್ನೆಗಳನ್ನ, ಮುಖ್ಯವಾಗಿ ಮನೆ ಇನ್ಶೂರೆನ್ಸ್ ಬಗ್ಗೆ ಬಂದಿರೋದನ್ನ, ಮುಂದಿನ ಸಂಚಿಕೇಲಿ ತಗೋತೀನಿ. ಅಲ್ಲೀವರೆಗೆ ಪಾಲಿಸಿ ತಗೋಳೋರು ಇದ್ರೆ ಭಾರತ್ ಗೃಹ ರಕ್ಷಾ ಅಂತ ಕೇಳಿ, 2021ರ ಏಪ್ರಿಲಿಂದ ಇದೆ, ಅದ್ರಲ್ಲಿ ಪ್ರವಾಹ ಸೇರಿದೆ.